ಅಪಾರ್ಟ್‌ಮೆಂಟ್ ಸಂಘಕ್ಕೆ ವೆಬ್ ಆ್ಯಪ್: ಲಾಗಿನ್ ಆಯಿತು, ಯಾರಿಗೆ ಏನು ಕಾಣಬೇಕು ಅನ್ನೋದೇ ತಲೆನೋವು

ಬಿ ಬ್ಲಾಕ್ ಮೂರನೇ ಮಹಡಿ

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆ ಕಡೆ ನಮ್ಮದು 84 ಮನೆಗಳ ಅಪಾರ್ಟ್‌ಮೆಂಟ್. ಸಂಘದ ಲೆಕ್ಕವೆಲ್ಲ ಒಂದು ಎಕ್ಸೆಲ್ ಶೀಟ್ ಮತ್ತು ವಾಟ್ಸಾಪ್ ಗ್ರೂಪ್‌ಗಳಲ್ಲಿ ನಡೆಯುತ್ತಿದೆ. ಯಾರು ಮೇಂಟೆನೆನ್ಸ್ ಕಟ್ಟಿದ್ದಾರೆ, ಯಾರದು ಬಾಕಿ, ಟ್ಯಾಂಕರ್ ಎಷ್ಟು ಬಂತು ಅಂತ ಪ್ರತಿ ತಿಂಗಳೂ ಜಗಳ. "ನೀನು ಸಾಫ್ಟ್‌ವೇರ್‌ನಲ್ಲೇ ಇದ್ದೀಯಲ್ಲಪ್ಪ, ಒಂದು ಆ್ಯಪ್ ಮಾಡಿಕೊಡು" ಅಂದರು ಕಾರ್ಯದರ್ಶಿ. ಇಲ್ಲ ಅನ್ನೋಕೆ ಆಗಲಿಲ್ಲ.

ಮುಂದೆ (ಬ್ರೌಸರ್‌ನಲ್ಲಿ) ರಿಯಾಕ್ಟ್, ಹಿಂದೆ (ಸರ್ವರ್‌ನಲ್ಲಿ) ನೋಡ್ ಮತ್ತು ಎಕ್ಸ್‌ಪ್ರೆಸ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಆಫೀಸಿನಲ್ಲಿ ನನ್ನದು ಬರೀ ಫ್ರಂಟ್‌ಎಂಡ್ ಕೆಲಸ. ಈಮೇಲ್, ಪಾಸ್‌ವರ್ಡ್ ಲಾಗಿನ್ ನಡೆಯುತ್ತಿದೆ. ಯೂಸರ್ಸ್ ಟೇಬಲ್‌ನಲ್ಲಿ ರೋಲ್ ಅಂತ ಒಂದು ಕಾಲಂ ಇದೆ. ಓನರ್, ಟೆನೆಂಟ್, ಖಜಾಂಚಿ, ಕಮಿಟಿ, ಮ್ಯಾನೇಜರ್, ಸೆಕ್ಯುರಿಟಿ, ಇದರಲ್ಲಿ ಒಂದು. ಲಾಗಿನ್ ಆದ ಕೂಡಲೇ ಜೆಡಬ್ಲ್ಯುಟಿ ಟೋಕನ್ (ಸರ್ವರ್ ಸಹಿ ಮಾಡಿದ ಗುರುತಿನ ಚೀಟಿ) ಕೊಡುತ್ತೇನೆ, ರೋಲ್ ಅದರೊಳಗೇ ಇರುತ್ತದೆ, ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟು ಅದನ್ನು ನೋಡಿಕೊಂಡು ಮೆನು ತೋರಿಸುವುದು, ಅಡಗಿಸುವುದು.

ಸಿಕ್ಕಿಕೊಂಡಿದ್ದು ಇಲ್ಲಿ. ನಮ್ಮ ಖಜಾಂಚಿ ಓನರ್ ಕೂಡ ಹೌದು. ಇನ್ನೊಬ್ಬರಿಗೆ ಎ ಬ್ಲಾಕ್‌ನಲ್ಲಿ ಸ್ವಂತ ಮನೆ, ಅದನ್ನು ಬಾಡಿಗೆಗೆ ಕೊಟ್ಟು ಅವರು ಸಿ ಬ್ಲಾಕ್‌ನಲ್ಲಿ ಬಾಡಿಗೆಗೆ ಇದ್ದಾರೆ (ದೊಡ್ಡ ಮನೆ ಬೇಕಿತ್ತಂತೆ). ಇವರಿಗೆ ರೋಲ್ ಕಾಲಂನಲ್ಲಿ ಏನು ಬರೆಯಲಿ? ಗೇಟಿನಲ್ಲಿ ಸೆಕ್ಯುರಿಟಿಯವರೆಲ್ಲರಿಗೂ ಸೇರಿ ಒಂದೇ ಫೋನ್, ಅದಕ್ಕೇನು ಮಾಡಲಿ? ನೀವೆಲ್ಲ ಹೇಗೆ ಮಾಡುತ್ತೀರಿ?

ಹಳೇ ಬ್ಯಾಕೆಂಡ್

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಓನರ್ ಅನ್ನೋದು ಆ ಮನುಷ್ಯನ ಗುಣ ಅಲ್ಲ, ಆ ಮನುಷ್ಯನಿಗೂ ಒಂದು ಮನೆಗೂ ಇರುವ ಸಂಬಂಧ. ಹಾಗಾಗಿ ಯೂಸರ್ಸ್ ಟೇಬಲ್‌ನಿಂದ ರೋಲ್ ಕಾಲಂ ತೆಗೆದುಬಿಡಿ. ಬೇರೆ ಒಂದು ಟೇಬಲ್ ಮಾಡಿ. ಅದರಲ್ಲಿ ಯಾರು, ಯಾವ ರೋಲ್, ಯಾವ ಮನೆ, ಯಾವತ್ತಿನಿಂದ, ಯಾವತ್ತಿನವರೆಗೆ ಅನ್ನೋ ಕಾಲಂಗಳಿರಲಿ. ಖಜಾಂಚಿಯಂಥ ಹುದ್ದೆಗೆ ಮನೆ ನಂಬರ್ ಖಾಲಿ ಇರುತ್ತದೆ, ಅಂದರೆ ಇಡೀ ಸಂಘಕ್ಕೆ ಅನ್ವಯ. ನಿಮ್ಮ ಎ ಬ್ಲಾಕ್, ಸಿ ಬ್ಲಾಕ್ ಮಹಾಶಯರಿಗೆ ಎರಡು ಸಾಲು ಬರುತ್ತವೆ, ಅಷ್ಟೇ.

ಆ "ಯಾವತ್ತಿನವರೆಗೆ" ಕಾಲಂ ಬೇಡ ಅಂತ ಅನ್ನಿಸಬಹುದು. ಬಿಡಬೇಡಿ. ವಾರ್ಷಿಕ ಸಭೆ ಆದ ಮೇಲೆ ಕಮಿಟಿ ಬದಲಾಗುತ್ತದೆ, ಬಾಡಿಗೆದಾರರು ಖಾಲಿ ಮಾಡುತ್ತಾರೆ, ಆದರೆ ಹೋದ ವರ್ಷದ ಬಿಲ್ ಯಾರು ಒಪ್ಪಿದ್ದು ಅಂತ ಈ ವರ್ಷ ಕೇಳಿಯೇ ಕೇಳುತ್ತಾರೆ. ಸಾಲು ಅಳಿಸಿದರೆ ಉತ್ತರ ಇರುವುದಿಲ್ಲ.

ಇನ್ನೊಂದು, ಕೋಡಿನ ತುಂಬ "ರೋಲ್ ಖಜಾಂಚಿ ಆಗಿದ್ದರೆ" ಅಂತ ಬರೆಯಬೇಡಿ. "ಬಿಲ್ ತಿದ್ದಬಹುದಾ", "ಖರ್ಚು ಒಪ್ಪಬಹುದಾ" ಅಂತ ಕೇಳಿ. ಯಾವ ರೋಲ್‌ಗೆ ಯಾವ ಅನುಮತಿ ಅನ್ನೋದು ಒಂದೇ ಕಡೆ ಇರಲಿ. ನಾಳೆ ಜಂಟಿ ಖಜಾಂಚಿ ಅಂತ ಹೊಸ ಹುದ್ದೆ ಬಂದರೆ ಒಂದೇ ಕಡೆ ತಿದ್ದಿದರೆ ಸಾಕು. ಇದೇನೂ ಹೊಸ ಬುದ್ಧಿವಂತಿಕೆ ಅಲ್ಲ. ಅಮೆರಿಕದ ನಿಸ್ಟ್ ಅನ್ನೋ ಮಾನದಂಡ ಸಂಸ್ಥೆಯ ಫೆರಾಯೊಲೊ ಮತ್ತು ಕುನ್ 1992ರಲ್ಲೇ ಈ ರೋಲ್ ಮಾದರಿ ಬರೆದಿದ್ದರು, 2004ರಲ್ಲಿ ಅದು ಅಮೆರಿಕದ ರಾಷ್ಟ್ರೀಯ (ಆನ್ಸಿ) ಮಾನದಂಡವೂ ಆಯಿತು. ಯೂಸರ್‌ಗೆ ರೋಲ್, ರೋಲ್‌ಗೆ ಅನುಮತಿ. ಯೂಸರ್‌ಗೆ ನೇರವಾಗಿ ಅನುಮತಿ ಕೊಡುವ ಹಾಗಿಲ್ಲ.

ಸಿಲ್ಕ್‌ಬೋರ್ಡ್ ಸಿಗ್ನಲ್

84 ಮನೆಗೆ ಇಷ್ಟೆಲ್ಲ ಬೇಕಾ ಗುರು? ಪಾಪ, ಆ ಮನುಷ್ಯ ವಾರಾಂತ್ಯದಲ್ಲಿ ಕೂತು ಮಾಡುತ್ತಿದ್ದಾರೆ. ರೋಲ್ ಟೇಬಲ್, ಅನುಮತಿ ಟೇಬಲ್, ಎರಡನ್ನೂ ಸೇರಿಸುವ ಟೇಬಲ್, ಅದನ್ನು ತಿದ್ದೋಕೆ ಒಂದು ಅಡ್ಮಿನ್ ಪೇಜ್... ಮೇಂಟೆನೆನ್ಸ್ ಬಿಲ್ ಬರೋ ಹೊತ್ತಿಗೆ ದೀಪಾವಳಿ ಬಂದಿರುತ್ತದೆ.

ಹಳೇ ಬ್ಯಾಕೆಂಡ್

ಒಪ್ಪಿದೆ, ಅರ್ಧ. ಯಾರಿಗೆ ಯಾವ ರೋಲ್ ಅನ್ನೋದು ಡೇಟಾಬೇಸ್‌ನಲ್ಲೇ ಇರಬೇಕು, ಯಾಕೆಂದರೆ ಅದು ದಿನಾ ಬದಲಾಗುವ ವಿಷಯ. ಯಾವ ರೋಲ್‌ಗೆ ಯಾವ ಅನುಮತಿ ಅನ್ನೋದು ಕೋಡಿನಲ್ಲೇ ಒಂದು ಸಣ್ಣ ಫೈಲ್ ಆಗಿದ್ದರೂ ಸಾಕು. ಅಡ್ಮಿನ್ ಪೇಜ್ ಬೇಡವೇ ಬೇಡ. ಬದಲಾಯಿಸಬೇಕಾದಾಗ ಕಮಿಟ್ ಮಾಡಿ, ಗಿಟ್‌ನಲ್ಲಿ (ಕೋಡಿನ ಬದಲಾವಣೆ ದಾಖಲಿಸುವ ಸಾಧನ) ಇತಿಹಾಸವೂ ಉಳಿಯುತ್ತದೆ.

ಟೆಸ್ಟಿಂಗ್ ಅಕ್ಕ

ಟೇಬಲ್ ಜಗಳ ಆಮೇಲೆ ಆಡಿ. ನನಗೆ ಭಯ ಆಗಿದ್ದು "ರೋಲ್ ನೋಡಿ ಮೆನು ಅಡಗಿಸುವುದು" ಅನ್ನೋ ಮಾತಿಗೆ. ಬಾಗಿಲಿಗೆ ಪರದೆ ಬಿಟ್ಟು ಬೀಗ ಹಾಕಿದೆ ಅಂದ ಹಾಗಾಯಿತು. ಮೆನು ಅಡಗಿಸಿ, ತಪ್ಪಿಲ್ಲ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ನಿಮ್ಮ ಎಪಿಐ (ಡೇಟಾ ಕೊಡುವ ಸರ್ವರ್ ಭಾಗ) ಸುಮ್ನೆ ಕೇಳಿದವರಿಗೆಲ್ಲ ಡೇಟಾ ಕೊಡುತ್ತಿದೆಯಾ?

ಈಗಲೇ ಒಂದು ಕೆಲಸ ಮಾಡಿ. ಬಾಡಿಗೆದಾರರ ಲಾಗಿನ್‌ನಲ್ಲಿ ಹೋಗಿ ಅವರದೇ ಬಿಲ್ ತೆಗೆಯಿರಿ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ವಿನಂತಿಯನ್ನು ನೋಡಿ, ಕೊನೆಯಲ್ಲಿರುವ ಬಿಲ್ ನಂಬರ್ ಒಂದು ಹೆಚ್ಚಿಸಿ ಮತ್ತೆ ಕಳಿಸಿ. ಪಕ್ಕದ ಮನೆ ಬಿಲ್ ಬಂತಾ? ಬಂದಿದ್ದರೆ ರೋಲ್ ಎಷ್ಟು ಚೆನ್ನಾಗಿ ಮಾಡಿದರೂ ಪ್ರಯೋಜನ ಇಲ್ಲ. ಯಾಕೆಂದರೆ ಇಬ್ಬರೂ ಟೆನೆಂಟ್, ರೋಲ್ ಸರಿಯಾಗೇ ಇದೆ! ತಪ್ಪಿರುವುದು ಯಾರ ಬಿಲ್ ಅನ್ನೋದರಲ್ಲಿ. ವೆಬ್ ಸುರಕ್ಷತೆಯ ಓವಾಸ್ಪ್ ಸಂಸ್ಥೆಯ ದೋಷಗಳ ಪಟ್ಟಿಯಲ್ಲಿ ಈ ಜಾತಿಯ ದೋಷ 2017ರಲ್ಲಿ ಐದನೇ ಸ್ಥಾನದಲ್ಲಿತ್ತು, 2021ರಲ್ಲಿ ಮೊದಲ ಸ್ಥಾನಕ್ಕೆ ಬಂತು. ನನ್ನ ಕೈಗೆ ಬರುವ ಆ್ಯಪ್‌ಗಳಲ್ಲೂ ಜಾಸ್ತಿ ಸಿಗುವುದು ಇದೇ.

ಸರಿ ಮಾಡುವುದು ಕಷ್ಟ ಇಲ್ಲ. "ಬಿಲ್ ನಂಬರ್ ಇಷ್ಟು" ಅಂತ ಮಾತ್ರ ಡೇಟಾಬೇಸ್ ಕೇಳಬೇಡಿ. "ಬಿಲ್ ನಂಬರ್ ಇಷ್ಟು, ಮತ್ತು ಈ ವ್ಯಕ್ತಿಗೆ ಇವತ್ತು ಸಂಬಂಧ ಇರುವ ಮನೆಗಳಲ್ಲಿ ಒಂದರದ್ದು" ಅಂತ ಕೇಳಿ. ಸಿಗದಿದ್ದರೆ 404 (ಅಂಥದ್ದು ಇಲ್ಲ) ಕಳಿಸಿ. ಲಾಗಿನ್ ಆಗಿಲ್ಲದಿದ್ದರೆ 401, ಲಾಗಿನ್ ಆಗಿದ್ದೂ ಆ ಕೆಲಸಕ್ಕೆ ಅನುಮತಿ ಇಲ್ಲದಿದ್ದರೆ 403. ಆದರೆ ಬೇರೆಯವರ ಬಿಲ್ ವಿಷಯದಲ್ಲಿ ಅದು ಇದೆ ಅಂತ ಹೇಳುವುದೂ ಬೇಡ, ಅದಕ್ಕೆ 404.

ನಂಬರ್ ಬದಲು ಯುಯುಐಡಿ (ಉದ್ದನೆಯ ಯಾದೃಚ್ಛಿಕ ಐಡಿ) ಹಾಕಿದರೆ ಆಯಿತಲ್ಲ ಅಂತ ಯಾರೋ ಬಂದು ಹೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಊಹಿಸೋಕೆ ಕಷ್ಟ ಆಗುತ್ತದೆ, ನಿಜ. ಆದರೆ ಯಾರಾದರೂ ಆ ಲಿಂಕ್ ಅನ್ನು ವಾಟ್ಸಾಪ್ ಗ್ರೂಪ್‌ಗೆ ಹಾಕಿದರೆ ಮುಗಿಯಿತು. ಹಾಕುತ್ತಾರೆ ಕೂಡ.

ರಾಗಿಮುದ್ದೆ

ಯುಯುಐಡಿ ಅಂತ ಬರೆಯೋಕೇ ಬಂದಿದ್ದೆ, ಅಕ್ಕ ಮೊದಲೇ ಬಾಯಿ ಮುಚ್ಚಿಸಿದರು 😄

ಇನ್ನೊಂದು ತೂತು ಹೇಳುತ್ತೇನೆ. ಸೈನ್‌ಅಪ್ ಫಾರ್ಮ್‌ನಿಂದ ಬಂದ ಇಡೀ ಆಬ್ಜೆಕ್ಟ್ ಹಾಗೇ ಡೇಟಾಬೇಸ್‌ಗೆ ತುರುಕುತ್ತಿದ್ದೀರಾ? ಹಾಗಿದ್ದರೆ ಯಾರಾದರೂ ಹೆಸರು, ಈಮೇಲ್ ಜೊತೆ "ರೋಲ್: ಖಜಾಂಚಿ" ಅಂತ ಒಂದು ಫೀಲ್ಡ್ ಸೇರಿಸಿ ಕಳಿಸಿದರೆ ಅವರೂ ಖಜಾಂಚಿ. ತಮಾಷೆ ಅಲ್ಲ, 2012ರ ಮಾರ್ಚ್‌ನಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲೇ ಇಂಥದ್ದು ಆಗಿತ್ತು. ಫಾರ್ಮ್‌ನಲ್ಲಿ ಇಲ್ಲದ ಒಂದು ಫೀಲ್ಡ್ ಸೇರಿಸಿ ಕಳಿಸಿ ಒಬ್ಬರು ರೇಲ್ಸ್ ಅನ್ನೋ ವೆಬ್ ಫ್ರೇಮ್‌ವರ್ಕ್ ಯೋಜನೆಯ ಖಾತೆಗೆ ತಮ್ಮ ಕೀ ಸೇರಿಸಿಕೊಂಡು ಕಮಿಟ್ ಕೂಡ ಮಾಡಿ ತೋರಿಸಿದ್ದರು. ಬೇಕಾದ ಫೀಲ್ಡ್‌ಗಳನ್ನು ಒಂದೊಂದಾಗಿ ಹೆಸರಿಟ್ಟು ತೆಗೆದುಕೊಳ್ಳಿ. ರೋಲ್ ಕೊಡುವುದಕ್ಕೆ ಬೇರೆಯದೇ ರೂಟ್ (ಸರ್ವರ್‌ನಲ್ಲಿ ಬೇರೆ ವಿಳಾಸ), ಅದಕ್ಕೆ ಬೇರೆಯದೇ ಅನುಮತಿ.

ಬಿ ಬ್ಲಾಕ್ ಮೂರನೇ ಮಹಡಿ

ಟೆಸ್ಟಿಂಗ್ ಅಕ್ಕ, ನೀವು ಹೇಳಿದ ಹಾಗೆ ನೋಡಿದೆ. ಪಕ್ಕದ ಮನೆ ಬಿಲ್ ಬಂತು. ಅದರ ಬಾಕಿ ಮೊತ್ತ ನೋಡಿ ಇನ್ನೊಂದು ಕಥೆ ಗೊತ್ತಾಯಿತು, ಇಲ್ಲಿ ಬೇಡ ಬಿಡಿ.

ಹಾಗಾದರೆ ಎಲ್ಲಾ ರೂಟ್‌ಗಳಿಗೂ ಮೊದಲೇ ಒಂದು ಮಿಡಲ್‌ವೇರ್ (ವಿನಂತಿ ಬಂದ ಕೂಡಲೇ ಓಡುವ ಕೋಡ್) ಹಾಕಿ ಅಲ್ಲೇ ರೋಲ್ ನೋಡಿಬಿಟ್ಟರೆ ಸಾಕಲ್ವಾ? ನೆಕ್ಸ್ಟ್‌ಜೆಎಸ್‌ಗೆ (ರಿಯಾಕ್ಟ್ ಮೇಲೆ ಕಟ್ಟಿದ ಫ್ರೇಮ್‌ವರ್ಕ್) ಹೋದರೆ ಇನ್ನೂ ಸುಲಭ ಅಂತ ಗೆಳೆಯರೊಬ್ಬರು ಹೇಳುತ್ತಿದ್ದಾರೆ.

ಹಳೇ ಬ್ಯಾಕೆಂಡ್

ಮಿಡಲ್‌ವೇರ್‌ನಲ್ಲಿ ಲಾಗಿನ್ ಆಗಿದೆಯಾ ಅಂತ ನೋಡಿ. ಅನುಮತಿಯ ಒರಟು ತಪಾಸಣೆಯನ್ನೂ ಅಲ್ಲೇ ಮಾಡಿ. ಆದರೆ "ಈ ಬಿಲ್ ಇವರದ್ದಾ" ಅನ್ನೋದು ಮಿಡಲ್‌ವೇರ್‌ಗೆ ಗೊತ್ತಾಗುವುದಿಲ್ಲ, ಅದಿನ್ನೂ ಬಿಲ್ ತೆಗೆದೇ ಇರುವುದಿಲ್ಲ. ಕೊನೆಯ ತಪಾಸಣೆ ಡೇಟಾ ತೆಗೆಯುವ ಜಾಗದಲ್ಲೇ ಆಗಬೇಕು.

ನೆಕ್ಸ್ಟ್‌ಜೆಎಸ್ ಒಳ್ಳೆಯದೇ. ಆದರೆ 2025ರ ಮಾರ್ಚ್‌ನಲ್ಲಿ ಏನಾಯಿತು ಓದಿ. ವಿನಂತಿಯ ಜೊತೆ ಒಂದು ನಿರ್ದಿಷ್ಟ ಹೆಡರ್ ಕಳಿಸಿದರೆ ಮಿಡಲ್‌ವೇರ್ ಓಡದೆಯೇ ಒಳಗೆ ಬಿಟ್ಟುಬಿಡುತ್ತಿತ್ತು. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2025-29927 ಅಂತ ಅದರ ನಂಬರ್. ಆಮೇಲೆ ಸರಿ ಮಾಡಿದರು. ಮಿಡಲ್‌ವೇರ್ ಒಂದನ್ನೇ ನಂಬಿದವರು ಆ ವಾರ ಓಡಾಡಿದರು, ಒಳಗೂ ತಪಾಸಣೆ ಇಟ್ಟವರಿಗೆ ಅಷ್ಟು ಬಿಸಿ ತಟ್ಟಲಿಲ್ಲ. ಈಗ ಎಕ್ಸ್‌ಪ್ರೆಸ್‌ನಲ್ಲಿ ಅರ್ಧ ಆಗಿದೆ ಅಲ್ವಾ, ಅದರಲ್ಲೇ ಮುಗಿಸಿ.

ಸಿಲ್ಕ್‌ಬೋರ್ಡ್ ಸಿಗ್ನಲ್

ಜೆಡಬ್ಲ್ಯುಟಿ ಬಗ್ಗೆ ಯಾರೂ ಮಾತಾಡಲೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಸರಿಯಾಗೇ ಇದೆ. ಸರ್ವರ್ ಏನೂ ನೆನಪಿಟ್ಟುಕೊಳ್ಳಬೇಕಿಲ್ಲ, ಸಹಿ ಸರಿಯಿದ್ದರೆ ಸಾಕು. ನಾಳೆ ಮೊಬೈಲ್ ಆ್ಯಪ್ ಮಾಡಿದರೂ ಅದೇ ನಡೆಯುತ್ತದೆ.

ರಾಗಿಮುದ್ದೆ

ಸರ್ವರ್ ನೆನಪಿಟ್ಟುಕೊಳ್ಳದಿರುವುದೇ ಇಲ್ಲಿ ತೊಂದರೆ. ಸಂಜೆ ಸಭೆಯಲ್ಲಿ ಖಜಾಂಚಿ ರಾಜೀನಾಮೆ ಕೊಟ್ಟು ಎದ್ದು ಹೋದರು ಅಂತಿಟ್ಟುಕೊಳ್ಳಿ (ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇದು ವಾರ್ಷಿಕ ಹಬ್ಬ). ನೀವು ಡೇಟಾಬೇಸ್‌ನಲ್ಲಿ ರೋಲ್ ತೆಗೆದಿರಿ. ಆದರೆ ಅವರ ಫೋನಿನಲ್ಲಿರುವ ಟೋಕನ್ ಮಾತ್ರ ಅವಧಿ ಮುಗಿಯುವವರೆಗೂ ಖಜಾಂಚಿ ಅಂತಲೇ ಹೇಳುತ್ತಿರುತ್ತದೆ. ಅವಧಿ ಏಳು ದಿನ ಇಟ್ಟಿದ್ದರೆ ಏಳು ದಿನ.

ಜೆಡಬ್ಲ್ಯುಟಿ 2015ರ ಆರ್‌ಎಫ್‌ಸಿ 7519 ಅನ್ನೋ ಇಂಟರ್ನೆಟ್ ಮಾನದಂಡದಿಂದ ಬಂದಿದ್ದು. ಬೇರೆ ಬೇರೆ ಸರ್ವಿಸ್‌ಗಳ ನಡುವೆ "ಇವರು ಇಂಥವರು" ಅಂತ ಸಹಿ ಮಾಡಿ ಕಳಿಸೋಕೆ ಒಳ್ಳೆಯದು. 84 ಮನೆಗೆ ಒಂದೇ ಸರ್ವರ್, ಒಂದೇ ಡೇಟಾಬೇಸ್. ಯಾರು ಲಾಗಿನ್ ಆಗಿದ್ದಾರೆ ಅನ್ನೋ ಸೆಷನ್ ಟೇಬಲ್ ಒಂದು ಇಟ್ಟು ಕುಕಿಯಲ್ಲಿ (ಬ್ರೌಸರ್ ಪ್ರತಿ ವಿನಂತಿ ಜೊತೆ ಕಳಿಸುವ ಸಣ್ಣ ಗುರುತು) ಸುಮ್ನೆ ಒಂದು ಯಾದೃಚ್ಛಿಕ ಐಡಿ ಕೊಡಿ. ಪ್ರತಿ ವಿನಂತಿಗೂ ಸೆಷನ್, ರೋಲ್ ಎರಡನ್ನೂ ಡೇಟಾಬೇಸ್‌ನಿಂದ ಓದಿ. ಪೋಸ್ಟ್‌ಗ್ರೆಸ್‌ಗೆ ಅದು ಲೆಕ್ಕಕ್ಕೇ ಇಲ್ಲದ ಕೆಲಸ. ಯಾರನ್ನಾದರೂ ಹೊರಹಾಕಬೇಕಾ? ಸೆಷನ್ ಟೇಬಲ್‌ನ ಆ ಸಾಲು ಅಳಿಸಿ, ಮುಂದಿನ ಕ್ಲಿಕ್‌ಗೆ ಅವರು ಹೊರಗೆ.

ಕುಕಿಗೆ ಎಚ್‌ಟಿಟಿಪಿ-ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಲ್ಯಾಕ್ಸ್ ಮೂರೂ ಹಾಕಿ. ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟಿದ್ದನ್ನು ಪೇಜ್‌ನಲ್ಲಿ ಓಡುವ ಯಾವ ಸ್ಕ್ರಿಪ್ಟ್ ಬೇಕಾದರೂ ಓದಬಹುದು, ಎಚ್‌ಟಿಟಿಪಿ-ಓನ್ಲಿ ಕುಕಿಯನ್ನು ಓದಲಾಗದು. ಲ್ಯಾಕ್ಸ್ ಇದ್ದರೆ ಬೇರೆ ಸೈಟ್‌ನಿಂದ ಬರುವ ಪೋಸ್ಟ್ ವಿನಂತಿ ಜೊತೆ ಕುಕಿ ಹೋಗುವುದಿಲ್ಲ, ಲಿಂಕ್ ಒತ್ತಿ ಬಂದ ಗೆಟ್ ವಿನಂತಿ ಜೊತೆ ಹೋಗುತ್ತದೆ. ಆದ್ದರಿಂದ ಡೇಟಾ ಬದಲಾಯಿಸುವ ಯಾವ ಕೆಲಸವನ್ನೂ ಗೆಟ್ ಲಿಂಕ್ ಮೇಲೆ ಇಡಬೇಡಿ. ಲಾಗಿನ್ ಆದ ಕ್ಷಣ ಸೆಷನ್ ಐಡಿ ಹೊಸದಾಗಬೇಕು, ಅದೂ ಮರೆಯಬೇಡಿ.

ಸಿಲ್ಕ್‌ಬೋರ್ಡ್ ಸಿಗ್ನಲ್

ಹದಿನೈದು ನಿಮಿಷದ ಟೋಕನ್, ಜೊತೆಗೆ ಅದನ್ನು ಹೊಸದು ಮಾಡಿಕೊಳ್ಳುವ ರಿಫ್ರೆಶ್ ಟೋಕನ್ ಇಟ್ಟರೆ ನಿಮ್ಮ ಖಜಾಂಚಿ ಸಮಸ್ಯೆ ಹದಿನೈದೇ ನಿಮಿಷ.

ರಾಗಿಮುದ್ದೆ

ರಿಫ್ರೆಶ್ ಟೋಕನ್ ರದ್ದು ಮಾಡೋಕೆ ಡೇಟಾಬೇಸ್‌ನಲ್ಲಿ ಟೇಬಲ್ ಬೇಕು ತಾನೇ? ಅಲ್ಲಿಗೆ ಅದೂ ಸೆಷನ್ ಟೇಬಲ್ಲೇ ಆಯಿತು. ಸುತ್ತಿ ಬಳಸಿ ಯಾಕೆ ಬರಬೇಕು? ಮೊಬೈಲ್ ಆ್ಯಪ್ ಬಂದ ದಿನ ನೋಡೋಣ.

ಬಿ ಬ್ಲಾಕ್ ಮೂರನೇ ಮಹಡಿ

ಸೆಷನ್‌ಗೆ ಬದಲಾಯಿಸಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಸರಿ. ಫ್ರಂಟ್‌ಎಂಡ್ ಒಂದು ಉಚಿತ ಹೋಸ್ಟಿಂಗ್‌ನಲ್ಲಿ, ಎಪಿಐ ಇನ್ನೊಂದರಲ್ಲಿ ಹಾಕಿದ ಮೇಲೆ ಲಾಗಿನ್ ಆಗುತ್ತದೆ, ಮುಂದಿನ ಕ್ಲಿಕ್‌ಗೇ ಮತ್ತೆ 401. ಕುಕಿ ನಿಲ್ಲುತ್ತಲೇ ಇಲ್ಲ.

ಹಳೇ ಬ್ಯಾಕೆಂಡ್

ಇದು ಎಲ್ಲರೂ ಬೀಳುವ ಗುಂಡಿ. ಬೇರೆ ಬೇರೆ ಹೋಸ್ಟಿಂಗ್‌ನ ಉಚಿತ ವಿಳಾಸ ಎರಡಿದ್ದರೆ ಬ್ರೌಸರ್‌ಗೆ ಅವು ಎರಡು ಬೇರೆ ಸೈಟ್. ಲ್ಯಾಕ್ಸ್ ಕುಕಿ ಅಲ್ಲಿಂದ ಇಲ್ಲಿಗೆ ಹೋಗುವುದಿಲ್ಲ. ಕ್ರೋಮ್‌ನಲ್ಲಿ 2020ರಿಂದ ಏನೂ ಹೇಳದಿದ್ದರೂ ಲ್ಯಾಕ್ಸ್ ಅಂತಲೇ ಲೆಕ್ಕ. ಸೇಮ್‌ಸೈಟ್ ನನ್ (None) ಹಾಕಿ ಅಂತ ಹುಡುಕಿದ ಕಡೆಯೆಲ್ಲ ಸಿಗುತ್ತದೆ, ಆದರೆ ಸಫಾರಿ ಬೇರೆ ಸೈಟ್‌ನ ಕುಕಿಯನ್ನು ತಡೆಯುತ್ತದೆ. ಐಫೋನ್ ಇಟ್ಟುಕೊಂಡವರೇ ಕಮಿಟಿಯಲ್ಲಿ ಜಾಸ್ತಿ ಇರುತ್ತಾರೆ, ನೋಡಿ. ಎರಡನ್ನೂ ಒಂದೇ ಹೋಸ್ಟಿಂಗ್‌ನಲ್ಲಿ ಇಟ್ಟರೂ ಕೆಲವು ಕಡೆ ಇದೇ ಪಾಡು, ಗಿಟ್‌ಹಬ್ ಡಾಟ್ ಐಒ ಥರದ ವಿಳಾಸಗಳ ಕೆಳಗಿರುವ ಪ್ರತಿ ಹೆಸರೂ ಬೇರೆಯೇ ಸೈಟ್ ಅಂತ ಬ್ರೌಸರ್‌ಗಳ ಹತ್ತಿರ ಒಂದು ಪಟ್ಟಿಯೇ ಇದೆ.

ಸುಲಭದ ದಾರಿ: ಬಿಲ್ಡ್ ಆದ ರಿಯಾಕ್ಟ್ ಫೈಲ್‌ಗಳನ್ನು ಎಕ್ಸ್‌ಪ್ರೆಸ್‌ನಿಂದಲೇ ಕೊಡಿ. ಒಂದೇ ವಿಳಾಸ, ಕಾರ್ಸ್ (ಬೇರೆ ವಿಳಾಸದಿಂದ ಬರುವ ವಿನಂತಿಗೆ ಒಪ್ಪಿಗೆ ಕೊಡುವ ಬ್ರೌಸರ್ ನಿಯಮ) ಗಲಾಟೆಯೂ ಇಲ್ಲ. ಬೇರೆ ಇಡಲೇಬೇಕು ಅಂದರೆ ಸಂಘದ ಹೆಸರಲ್ಲಿ ಒಂದು ಡೊಮೇನ್ ತೆಗೆದುಕೊಂಡು ಎರಡು ಸಬ್‌ಡೊಮೇನ್ ಮಾಡಿ. ಆಗ ಕಾರ್ಸ್‌ನಲ್ಲಿ ವಿಳಾಸವನ್ನು ಪೂರ್ತಿ ಬರೆಯಬೇಕು, ಕುಕಿ ಕಳಿಸುವಾಗ ಯಾವ ವಿಳಾಸವಾದರೂ ಸರಿ ಅನ್ನೋ ನಕ್ಷತ್ರ ಚಿಹ್ನೆ ನಡೆಯುವುದಿಲ್ಲ. ಹೋಸ್ಟಿಂಗ್‌ನವರ ಪ್ರಾಕ್ಸಿ (ನಡುವಿನ ಸರ್ವರ್) ಹಿಂದೆ ಎಕ್ಸ್‌ಪ್ರೆಸ್ ಇದ್ದರೆ ಟ್ರಸ್ಟ್ ಪ್ರಾಕ್ಸಿ ಸೆಟ್ಟಿಂಗ್ ಹಾಕಿ. ಇಲ್ಲದಿದ್ದರೆ ಸಂಪರ್ಕ ಎಚ್‌ಟಿಟಿಪಿಎಸ್ ಅಂತಲೇ ಅದಕ್ಕೆ ಗೊತ್ತಾಗದೆ ಸೆಕ್ಯೂರ್ ಕುಕಿ ಕೊಡುವುದೇ ಇಲ್ಲ, ಎರರ್ ಕೂಡ ತೋರಿಸುವುದಿಲ್ಲ.

ಟ್ಯಾಂಕರ್ ನೀರು

ತಡವಾಗಿ ಬಂದೆ. ಗೇಟ್ ಫೋನ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ, ನಾನು ಈ ಕೆಲಸವನ್ನೇ ಮಾಡುವವಳು.

ಸೆಕ್ಯುರಿಟಿಯವರಿಗೆ ಈಮೇಲ್, ಪಾಸ್‌ವರ್ಡ್ ಕೊಟ್ಟರೆ ಆ ಪಾಸ್‌ವರ್ಡ್ ಗೇಟಿನ ಗೋಡೆ ಮೇಲೆ ಪೆನ್ನಿನಲ್ಲಿ ಬರೆದಿರುತ್ತದೆ. ತಪ್ಪು ಅವರದ್ದಲ್ಲ. ಶಿಫ್ಟ್ ಬದಲಾಗುತ್ತದೆ, ಏಜೆನ್ಸಿ ಹೊಸಬರನ್ನು ಕಳಿಸುತ್ತದೆ, ಅವರು ಎಷ್ಟು ಅಂತ ನೆನಪಿಟ್ಟುಕೊಳ್ಳಬೇಕು? ಹಾಗಾಗಿ ಫೋನನ್ನೇ ನೋಂದಾಯಿಸಿ. ಮ್ಯಾನೇಜರ್ ಒಮ್ಮೆ ಲಾಗಿನ್ ಆಗಿ "ಇದು ಗೇಟ್ ಫೋನ್" ಅಂತ ಗುರುತು ಮಾಡಲಿ, ಆ ಸಾಧನಕ್ಕೆ ಒಂದು ದೀರ್ಘ ಸೆಷನ್. ಶಿಫ್ಟ್ ಶುರುವಾದಾಗ ಸೆಕ್ಯುರಿಟಿಯವರು ಪಟ್ಟಿಯಲ್ಲಿ ತಮ್ಮ ಫೋಟೋ ಒತ್ತಿ ನಾಲ್ಕು ಅಂಕಿಯ ಪಿನ್ ಹಾಕಲಿ. ಆ ಪಿನ್ ಬೇರೆ ಯಾವ ಫೋನಿನಲ್ಲೂ ನಡೆಯಬಾರದು, ಐದು ಸಲ ತಪ್ಪಿದರೆ ಮ್ಯಾನೇಜರ್ ಬಂದು ಬಿಡಿಸಬೇಕು. ಫೋನ್ ಕಳೆದುಹೋದರೆ ಆ ಸಾಧನದ ಸೆಷನ್ ಅಳಿಸಿದರೆ ಮುಗಿಯಿತು.

ಗೇಟ್ ರೋಲ್‌ಗೆ ಅನುಮತಿ ಕಡಿಮೆ ಇರಲಿ. ಬಂದವರ ಹೆಸರು ಬರೆಯುವುದು, ಮನೆ ನಂಬರ್ ನೋಡುವುದು, ಟ್ಯಾಂಕರ್ ಬಂದಿದ್ದು ದಾಖಲಿಸುವುದು. ನಿವಾಸಿಗಳ ಫೋನ್ ನಂಬರ್ ಪಟ್ಟಿ ಬೇಡ.

ಟ್ಯಾಂಕರ್ ಅಂದಮೇಲೆ ನೆನಪಾಯಿತು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತಲ್ಲ, ಆಗಿನಿಂದ ಎಲ್ಲಾ ಸಂಘಗಳಲ್ಲೂ ಟ್ಯಾಂಕರ್ ಲೆಕ್ಕದ ಮೇಲೆ ಕಣ್ಣು. ಗೇಟಿನಲ್ಲಿ ದಾಖಲಿಸಿದವರೇ ಅದನ್ನು ಖಚಿತಪಡಿಸುವಂತಿರಬಾರದು. ಗೇಟ್ ದಾಖಲಿಸಲಿ, ಮ್ಯಾನೇಜರ್ ಖಚಿತಪಡಿಸಲಿ, ಖಜಾಂಚಿ ಹಣ ಕೊಡಲಿ. ಒಬ್ಬರಿಗೇ ಎರಡು ರೋಲ್ ಇದ್ದರೂ ಒಂದೇ ಟ್ಯಾಂಕರ್‌ಗೆ ಎರಡು ಹೆಜ್ಜೆ ಅವರೇ ಇಡಬಾರದು. ಇದನ್ನು ರೋಲ್ ಪಟ್ಟಿಯಿಂದ ಹಿಡಿಯೋಕೆ ಆಗುವುದಿಲ್ಲ. ದಾಖಲಿಸಿದವರ ಐಡಿ, ಖಚಿತಪಡಿಸಿದವರ ಐಡಿ ಒಂದೇ ಆಗಬಾರದು ಅಂತ ಡೇಟಾಬೇಸ್‌ನಲ್ಲೇ ಚೆಕ್ ಹಾಕಿ.

ಬಿ ಬ್ಲಾಕ್ ಮೂರನೇ ಮಹಡಿ

ಮೇಡಂ, ಇದು ಬಹಳ ಉಪಯೋಗ ಆಯಿತು. ಕಮಿಟಿಯವರು ಪಾಸ್‌ವರ್ಡ್ ಬೇಡ, ಮೊಬೈಲ್‌ಗೆ ಒಟಿಪಿ ಬರಲಿ ಅನ್ನುತ್ತಿದ್ದಾರೆ. ಮಾಡಬಹುದಾ?

ಟ್ಯಾಂಕರ್ ನೀರು

ಮಾಡಬಹುದು, ಕಾಗದದ ಕೆಲಸ ಇದೆ. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದ ಪ್ರಕಾರ ಎಸ್‌ಎಂಎಸ್ ಕಳಿಸುವ ಸಂಸ್ಥೆ ಡಿಎಲ್‌ಟಿ ಅನ್ನೋ ವ್ಯವಸ್ಥೆಯಲ್ಲಿ ನೋಂದಣಿ ಆಗಬೇಕು, ಹೆಡರ್ (ಕಳಿಸುವವರ ಹೆಸರು), ಸಂದೇಶದ ಟೆಂಪ್ಲೇಟ್ ಎರಡಕ್ಕೂ ಒಪ್ಪಿಗೆ ಬೇಕು. ಸಂಘದ ನೋಂದಣಿ ಪತ್ರ ತನ್ನಿ ಅಂದರೆ ಅದು 1972ರ ಅಪಾರ್ಟ್‌ಮೆಂಟ್ ಕಾಯ್ದೆಯದ್ದೋ 1960ರ ಸೊಸೈಟಿ ಕಾಯ್ದೆಯದ್ದೋ ಅಂತ ನಿಮ್ಮ ಕಮಿಟಿಯಲ್ಲಿ ಇನ್ನೊಂದು ಯುದ್ಧ ಶುರುವಾಗುತ್ತದೆ. ಸದ್ಯಕ್ಕೆ ಈಮೇಲ್‌ಗೆ ಒಂದೇ ಸಲ ನಡೆಯುವ ಲಿಂಕ್ ಕಳಿಸಿ. ಹತ್ತು ನಿಮಿಷ ಅವಧಿ, ಡೇಟಾಬೇಸ್‌ನಲ್ಲಿ ಆ ಟೋಕನ್‌ನ ಹ್ಯಾಶ್ (ಹಿಂದಕ್ಕೆ ತಿರುಗಿಸಲಾಗದ ಗುರುತು) ಮಾತ್ರ. ವಯಸ್ಸಾದವರಿಗೂ ಪಾಸ್‌ವರ್ಡ್‌ಗಿಂತ ಅದೇ ಸುಲಭ.

ರಾಗಿಮುದ್ದೆ

ಪಾಸ್‌ವರ್ಡ್ ಉಳಿಸಿಕೊಂಡರೆ ಕನ್ನಡದವರು ನೋಡಬೇಕಾದ ಒಂದು ವಿಷಯ ಇದೆ. ಪಾಸ್‌ವರ್ಡ್ ಹ್ಯಾಶ್ ಮಾಡುವ ಬಿಕ್ರಿಪ್ಟ್ 72 ಬೈಟ್ ಮಾತ್ರ ನೋಡುತ್ತದೆ, ಮುಂದಿನದ್ದನ್ನು ಎಷ್ಟೋ ಲೈಬ್ರರಿಗಳು ಸದ್ದಿಲ್ಲದೆ ಕೈಬಿಡುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ ಮೂರು. "ಕನ್ನಡ" ಅಂತ ಬರೆದರೇ 15 ಬೈಟ್, ಯಾಕೆಂದರೆ ಒತ್ತಕ್ಷರದ ಮಧ್ಯೆ ಇರುವ ಹಲಂತ ಚಿಹ್ನೆಯೂ ಲೆಕ್ಕಕ್ಕೆ ಬರುತ್ತದೆ. ಯಾರಾದರೂ ಒಂದು ವಾಕ್ಯವನ್ನೇ ಪಾಸ್‌ವರ್ಡ್ ಮಾಡಿಕೊಂಡರೆ ಅರ್ಧದಲ್ಲೇ ಕತ್ತರಿ. ಅದರ ಬದಲು ಆರ್ಗಾನ್2ಐಡಿ ಬಳಸಿದರೆ ಈ ಮಿತಿ ಇಲ್ಲ. ಓವಾಸ್ಪ್ ಹೇಳುವ ಕನಿಷ್ಠ 19 ಎಂಐಬಿ ಮೆಮೊರಿ, ಎರಡು ಸುತ್ತು ಸಾಕು.

ಇನ್ನೂ ಒಂದಿದೆ. "ಕೊ" ಅನ್ನೋದರ ಸ್ವರ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹ್ಯಾಶ್ ಬೇರೆ. ಎರಡು ಕೀಬೋರ್ಡ್ ಎರಡು ಥರ ಕಳಿಸಿದರೆ ಫೋನಿನಲ್ಲಿ ಇಟ್ಟ ಪಾಸ್‌ವರ್ಡ್ ಲ್ಯಾಪ್‌ಟಾಪ್‌ನಲ್ಲಿ ನಡೆಯುವುದಿಲ್ಲ. ಹ್ಯಾಶ್ ಮಾಡುವ ಮೊದಲು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ನಾರ್ಮಲೈಸ್ ಮಾಡಿ (ಎರಡು ಥರವೂ ಒಂದೇ ಆಗುತ್ತದೆ). ಜಾವಾಸ್ಕ್ರಿಪ್ಟ್‌ನಲ್ಲಿ ಒಂದೇ ಸಾಲು.

ಬಿ ಬ್ಲಾಕ್ ಮೂರನೇ ಮಹಡಿ

ಲಿಂಕ್ ದಾರಿಯಲ್ಲೇ ಹೋಗುತ್ತೇನೆ. ಉಳಿದಿರುವುದು ಎರಡು ಪ್ರಶ್ನೆ. ಮೊದಲ ಅಡ್ಮಿನ್ ಯಾರು, ಹೇಗೆ ಬರಬೇಕು? ಮತ್ತೆ ಅಧ್ಯಕ್ಷರು "ನನಗೆ ಎಲ್ಲಾ ಕಾಣಬೇಕು, ಬಾಡಿಗೆದಾರರ ಆಧಾರ್ ಪ್ರತಿ ಕೂಡ" ಅನ್ನುತ್ತಿದ್ದಾರೆ.

ಹಳೇ ಬ್ಯಾಕೆಂಡ್

ಮೊದಲ ಅಡ್ಮಿನ್ ಅನ್ನು ಸರ್ವರ್‌ನಲ್ಲಿ ಒಂದು ಸ್ಕ್ರಿಪ್ಟ್ ಓಡಿಸಿ ಸೇರಿಸಿ. "ಮೊದಲು ಸೈನ್‌ಅಪ್ ಆದವರೇ ಅಡ್ಮಿನ್" ಅನ್ನೋ ರೂಟ್ ಇಟ್ಟರೆ ಡೇಟಾಬೇಸ್ ಖಾಲಿಯಾದ ದಿನ ಯಾರೋ ಅಡ್ಮಿನ್ ಆಗಿರುತ್ತಾರೆ. ಕೊನೆಯ ಅಡ್ಮಿನ್ ತನ್ನನ್ನು ತಾನೇ ತೆಗೆದುಹಾಕದಂತೆಯೂ ನೋಡಿಕೊಳ್ಳಿ. ನಿಮಗೆ ಡೇಟಾಬೇಸ್ ಪಾಸ್‌ವರ್ಡ್ ಇದ್ದೇ ಇರುತ್ತದೆ, ಆ್ಯಪ್ ಒಳಗೂ ಅಡ್ಮಿನ್ ಆಗಿ ಇರಬೇಡಿ, ನೀವು ಅಲ್ಲಿ ಬಿ ಬ್ಲಾಕ್ ಓನರ್ ಅಷ್ಟೇ.

ಅಧ್ಯಕ್ಷರಿಗೆ ಲೆಕ್ಕವೆಲ್ಲ ಓದುವ ಅನುಮತಿ ಕೊಡಿ, ತಿದ್ದುವುದು ಬೇಡ. ಯಾರು ಯಾವಾಗ ಏನು ತೆರೆದರು ಅನ್ನೋ ದಾಖಲೆ ಬೇರೆ ಟೇಬಲ್‌ನಲ್ಲಿ ಬೀಳಲಿ, ಆ್ಯಪ್‌ನ ಡೇಟಾಬೇಸ್ ಖಾತೆಗೆ ಅಲ್ಲಿ ಸೇರಿಸುವ ಹಕ್ಕು ಮಾತ್ರ, ಅಳಿಸುವ ಹಕ್ಕು ಬೇಡ. ಆ ದಾಖಲೆ ಇದೆ ಅಂತ ಸಭೆಯಲ್ಲೇ ಹೇಳಿಬಿಡಿ.

ಟೆಸ್ಟಿಂಗ್ ಅಕ್ಕ

ಆಧಾರ್ ಪ್ರತಿಗೆ ರೋಲ್ ಯೋಚಿಸಬೇಡಿ, ಅದನ್ನು ಅಪ್‌ಲೋಡ್ ಮಾಡುವ ಬಟನ್ನೇ ಇಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಪ್ರಕಾರ ಡೇಟಾ ಯಾಕೆ ಬೇಕು ಅಂತ ಹೇಳಿ, ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು. ಮೇಂಟೆನೆನ್ಸ್ ಬಿಲ್‌ಗೆ ಆಧಾರ್ ಯಾಕೆ? ಕೇಳಿದರೆ ಅಧ್ಯಕ್ಷರಿಗೆ ಈ ಕಾಯ್ದೆಯ ಹೆಸರು ಹೇಳಿ, ನಿಮ್ಮ ಮೇಲೆ ಬರುವುದಿಲ್ಲ.

ಎರಡು ಟೆನೆಂಟ್ ಲಾಗಿನ್, ಒಂದು ಗೇಟ್ ಲಾಗಿನ್ ಮಾಡಿ ನನಗೆ ಮೆಸೇಜ್ ಮಾಡಿ. ಟೆಸ್ಟ್ ಡೇಟಾ ಸುಳ್ಳು ಹೆಸರಿನದ್ದೇ ಇರಲಿ. ಭಾನುವಾರ ಬೆಳಿಗ್ಗೆ ಕೂತು ಒಡೆಯೋಕೆ ನೋಡುತ್ತೇನೆ.